ಒಂದನೇ ತರಗತಿಗೆ ಸೊನ್ನೆ

ಆ ದನಿಯನ್ನು ದೀಪಶ್ರೀ ಒಂದು ವರ್ಷದಿಂದ ಕೇಳುತ್ತಿದ್ದಳು. ಪ್ರತಿ ಶನಿವಾರ ಸಂಜೆ ಐದಕ್ಕೆ, ಹದಿನಾಲ್ಕು ಸರ್ಕಾರಿ ಶಾಲೆಗಳ ಪೋಷಕರ ವಾಟ್ಸಾಪ್ ಗ್ರೂಪುಗಳಿಗೆ, ವಾರ್ತೆ ಓದುವವರ ಹಾಗೆ ಅದು ಬರುತ್ತಿತ್ತು. “ನಮಸ್ಕಾರ. ನಾನು ಸಿಆರ್‌ಪಿ ಯಶವಂತ. ಈ ವಾರದ ಕಲಿಕೆ ಮತ್ತು ದಾಖಲಾತಿ ಮಾಹಿತಿ.”

ಸಿಆರ್‌ಪಿ ಎಂದರೆ ಆ ಹದಿನಾಲ್ಕೂ ಶಾಲೆಗಳ ಉಸ್ತುವಾರಿ ಹೊತ್ತವನು. ಓದಲು ಬಾರದ ಪೋಷಕರಿಗೂ ವಿಷಯ ತಿಳಿಯಲಿ ಎಂದು ಅವನು ಬರೆಯುವ ಬದಲು ಮಾತಾಡಿ ಕಳಿಸುತ್ತಿದ್ದ. ಒಳ್ಳೆಯ ಯೋಚನೆಯೇ. ಆದರೆ ಅದಕ್ಕಾಗಿ ಶಿಕ್ಷಕರ ಜೀವ ಹಿಂಡುತ್ತಿದ್ದ. ಸೋಮವಾರ ಒಂದು ಫಾರ್ಮ್. ಬುಧವಾರ ಅದೇ ಫಾರ್ಮಿಗೆ ಹೊಸದೊಂದು ಕಾಲಂ. ಶುಕ್ರವಾರ ಮತ್ತೆ ಅದೇ ಫಾರ್ಮ್, ಮೇಲೆ ಕೆಂಪಕ್ಷರದಲ್ಲಿ “ಅತಿ ತುರ್ತು”.

ನೇರಳಹಕ್ಲು ಕಿರಿಯ ಪ್ರಾಥಮಿಕ ಶಾಲೆಗೆ ದೀಪಶ್ರೀ ಒಬ್ಬಳೇ ಟೀಚರು. ಒಂದರಿಂದ ಐದನೇ ತರಗತಿಯವರೆಗೆ ಎಲ್ಲವೂ ಅವಳದೇ. ಫಾರ್ಮ್ ಬಂದಾಗಲೆಲ್ಲ ಅವಳು ಫೋನನ್ನು ಮೇಜಿನ ಮೇಲೆ ಬೋರಲು ಹಾಕಿ, ಮಕ್ಕಳ ಕಡೆ ತಿರುಗಿ, ಹತ್ತರವರೆಗೆ ಎಣಿಸುತ್ತಿದ್ದಳು. ಮಕ್ಕಳು ಗಣಿತದ ಪಾಠ ಎಂದುಕೊಂಡು ಜೊತೆಗೆ ಎಣಿಸುತ್ತಿದ್ದವು.

ಅವಳಿಗೆ ಇನ್ನೂ ಹೆಚ್ಚು ಸಿಟ್ಟು ಬರಿಸುತ್ತಿದ್ದ ಸಂಗತಿ ಬೇರೆ ಇತ್ತು. ಆ ದನಿ ಚೆನ್ನಾಗಿತ್ತು. ಶೃಂಗೇರಿಯ ಬಾಡಿಗೆ ರೂಮಿನಲ್ಲಿ ಸಂಜೆಯ ಕಾಫಿ ಹಿಡಿದು ಅದನ್ನು ಎರಡು ಸಲ ಕೇಳುತ್ತಿದ್ದಳು. ಎರಡನೆಯದು ತಪ್ಪು ಹುಡುಕಲಿಕ್ಕೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಮೇ ತಿಂಗಳ ಕೊನೆಯ ಶನಿವಾರ ತಪ್ಪು ಸಿಕ್ಕಿತು. ಹುಡುಕಬೇಕಾಗಿ ಬರಲಿಲ್ಲ.

“ನೇರಳಹಕ್ಲು ಶಾಲೆ. ಒಂದನೇ ತರಗತಿಗೆ ಈ ವರ್ಷ ಸೇರುವ ಮಕ್ಕಳು ಸೊನ್ನೆ. ಸಂಖ್ಯೆ ಹತ್ತಕ್ಕಿಂತ ಕಡಿಮೆ ಇರುವುದರಿಂದ, ಇಲ್ಲಿನ ಮಕ್ಕಳನ್ನು ಪಕ್ಕದ ಶಾಲೆಗೆ ಸೇರಿಸುವ ಬಗ್ಗೆ ಪರಿಶೀಲನೆ ನಡೆಯಲಿದೆ.”

ಕಾಫಿ ಚೆಲ್ಲಿತು. ನಾಲ್ಕು ಮಕ್ಕಳಿದ್ದರು. ಏಪ್ರಿಲ್‌ನಲ್ಲಿ ಬಿಸಿಲಲ್ಲಿ ಮನೆಮನೆ ತಿರುಗಿ ಒಪ್ಪಿಸಿದ ನಾಲ್ಕು ಮಕ್ಕಳು. ಹಳಬರು ಏಳು, ಹೊಸಬರು ನಾಲ್ಕು, ಒಟ್ಟು ಹನ್ನೊಂದು. ಶಾಲೆ ಉಳಿಯಲು ಅಷ್ಟು ಸಾಕಾಗಿತ್ತು.

ಯಶವಂತ ಫೋನ್ ಎತ್ತಿದ ಕೂಡಲೇ ಅವಳು ಕೇಳಿದಳು. “ಯಶವಂತ್ ಸರ್, ನಿಮಗೆ ನಾಲ್ಕಕ್ಕೂ ಸೊನ್ನೆಗೂ ವ್ಯತ್ಯಾಸ ಗೊತ್ತುಂಟಾ?”

“ಗೊತ್ತು ಮೇಡಂ.”

“ಹಾಗಾದ್ರೆ ನಿಮ್ಮ ವಾರ್ತೆಯಲ್ಲಿ ಎಂತದು ಓದಿದ್ರಿ? ಇದೇ ನಾಲ್ಕನ್ನ ಐದು ಫಾರ್ಮಲ್ಲಿ ಕೇಳಿದ್ರಲ್ಲ!”

ಆ ಕಡೆಯಿಂದ ಕಾಗದ ತಿರುವಿದ ಸದ್ದು. ಒಂದು ಹಾಳೆಗೆ ಬಂದು ಅದು ನಿಂತಿತು.

“ತಪ್ಪಾಗಿದೆ ಮೇಡಂ. ಈಗಲೇ ತಿದ್ದುಪಡಿ ಕಳಿಸ್ತೇನೆ.”

ಕಳಿಸಿದ. ಆದರೆ ಶಾಲೆ ಮುಚ್ಚುತ್ತದೆ ಎಂಬ ಸುದ್ದಿಯನ್ನು ಇಡೀ ಊರು ಕೇಳಿಸಿಕೊಂಡಿತ್ತು, ತಿದ್ದುಪಡಿಯನ್ನು ಮೂರು ಜನ. ಸೋಮವಾರ ಶಾಲೆ ಶುರುವಾದಾಗ ಹೊಸ ಮಕ್ಕಳ ಪೈಕಿ ಒಂದೂ ಬರಲಿಲ್ಲ.

ಮಂಗಳವಾರ ನಾಲ್ಕೂವರೆಗೆ ಯಶವಂತನ ಬೈಕು ಶಾಲೆಯ ಗೇಟಿನ ಮುಂದೆ ನಿಂತಿತು. ಹೆಲ್ಮೆಟ್ ತೆಗೆದ. ಕೂದಲು ಒಂದು ಪಕ್ಕಕ್ಕೆ ಒತ್ತಿಕೊಂಡು ನಿಂತಿತ್ತು, ಅದು ಅವನಿಗೆ ತಿಳಿದಿರಲಿಲ್ಲ. ದೀಪಶ್ರೀ ಅದನ್ನು ನೋಡಿದಳು, ಹೇಳಬಾರದೆಂದು ತೀರ್ಮಾನಿಸಿದಳು.

“ನಾಲ್ಕೂ ಮನೆಗೆ ಹೋಗೋಣ ಮೇಡಂ. ನಾನೇ ಹೇಳ್ತೇನೆ.”

“ನಾಲ್ಕು ಮಕ್ಕಳು, ಮೂರು ಮನೆ. ಸೀತಕ್ಕನ ಮನೆಯಲ್ಲಿ ಅವಳಿ ಮೊಮ್ಮಕ್ಕಳು. ಫಾರ್ಮಲ್ಲಿ ಬರೆದಿದ್ದೆ.”

“ಹೌದು, ಬರೆದಿದ್ರಿ.” ಅವನು ಕಣ್ಣು ತಗ್ಗಿಸಿದ. ತಗ್ಗಿಸುವ ಮುಂಚೆ ಒಮ್ಮೆ ಅವಳ ಕೈ ನೋಡಿದ. ಬೆರಳೆಲ್ಲ ಸೀಮೆಸುಣ್ಣ. ಅವಳು ಕೈಯನ್ನು ಸೆರಗಿನ ಹಿಂದೆ ಎಳೆದುಕೊಂಡಳು. ಯಾಕೆ ಎಳೆದುಕೊಂಡೆ ಎಂದು ಅದಕ್ಕೂ ಸಿಟ್ಟು ಬಂತು.

ಮೊದಲು ಯೋಗೇಶನ ಮನೆ. ಅವನು ಪಿಕಪ್ ಓಡಿಸುವವನು, ಅಂಗಳದಲ್ಲಿ ಅದನ್ನು ತೊಳೆಯುತ್ತಿದ್ದ.

“ಲೇಟಾಯ್ತು ಟೀಚರೇ. ನಿನ್ನೆಯೇ ಮಗಳನ್ನ ಶೃಂಗೇರಿ ಕಡೆ ಸೇರಿಸಿ ಆಯ್ತು. ವ್ಯಾನು ಮನೆ ಬಾಗ್ಲಿಗೇ ಬರ್ತದೆ.”

“ತಪ್ಪು ನನ್ನದು ಯೋಗೇಶ್,” ಎಂದ ಯಶವಂತ. “ಶಾಲೆ ಮುಚ್ಚೋದಿಲ್ಲ.”

“ನೀವು ಹೇಳಿದ್ದನ್ನ ನಂಬಿಯೇ ಸೇರಿಸಿದ್ದಲ್ವಾ ಮಾರಾಯ್ರೆ. ಈಗ ಇದನ್ನೂ ನಂಬು ಅಂದ್ರೆ?”

ಉಳಿದವರು ಮೂವರು. ಏಳು ಮತ್ತು ಮೂರು, ಸರಿಯಾಗಿ ಹತ್ತು. ಇನ್ನೊಂದು ಮಗು ಕೈಬಿಟ್ಟರೆ ಮುಗಿಯಿತು.

ಮಾರಪ್ಪ ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷ. ಮೊಮ್ಮಗನನ್ನು ಕಳಿಸಲು ಒಪ್ಪಿದ, ಆದರೆ ಸುಮ್ಮನೆ ಅಲ್ಲ.

“ನನ್ನ ಸ್ವಂತ ಶಾಲೆ ಮುಚ್ತದೆ ಅಂತ ನನ್ನ ಫೋನೇ ನನಗೆ ಹೇಳ್ತು! ಮರ್ಯಾದೆ ಉಂಟಾ ಇದಕ್ಕೆ?”

“ಇಲ್ಲ. ತಪ್ಪು ನನ್ನದು.”

“ಅಷ್ಟು ಬೇಗ ಒಪ್ಪಿಕೊಂಡ್ರೆ ನಾನು ಜಗಳ ಮಾಡೋದು ಹ್ಯಾಗೆ?”

ದೀಪಶ್ರೀಗೆ ನಗು ಬಂತು. ತಡೆಯುವಷ್ಟರಲ್ಲಿ ಯಶವಂತ ಓರೆಗಣ್ಣಲ್ಲಿ ನೋಡಿಬಿಟ್ಟ. ಆಮೇಲೆ ಕಾಲುದಾರಿಯುದ್ದಕ್ಕೂ ಅವನ ನಡಿಗೆ ಸ್ವಲ್ಪ ಹಗುರಾಗಿತ್ತು. ಅವಳು ಬೇಕೆಂದೇ ನಾಲ್ಕು ಹೆಜ್ಜೆ ಮುಂದೆ ನಡೆದಳು.

ಸೀತಕ್ಕ ತೋಟದ ಕೆಲಸ ಮುಗಿಸಿ ಬಂದು ಜಗಲಿಯಲ್ಲಿ ಕೂತು ಕಾಲಿಗೆ ಸುಣ್ಣ ಹಚ್ಚಿಕೊಳ್ಳುತ್ತಿದ್ದಳು. ತೋಟದ ಜಿಗಣೆ, ಉಂಬಳ, ಕಚ್ಚಿತ್ತು. ಅವಳಿಗಳು ಕಂಬದ ಹಿಂದಿನಿಂದ ಇಣುಕಿದವು. ಯಶವಂತ ಮತ್ತೆ ಅದನ್ನೇ ಹೇಳಿದ. ಸೀತಕ್ಕ ಅವನ ಮಾತನ್ನು ಪೂರ್ತಿ ಕೇಳಿದಳು.

“ಸರಿ ಸಾರು. ಆದ್ರೆ ನಿಮ್ಮ ಸುದ್ದಿ ನಾನು ಪ್ರತಿ ವಾರ ಕೇಳ್ತೆ. ಒಂದು ವರ್ಷದಲ್ಲಿ ಒಂದು ಅಂಕಿ ತಪ್ಪಲಿಲ್ಲ. ಈ ಸಲ ಎಂತಕ್ಕೆ ತಪ್ಪಿತು?”

ಯಶವಂತ ಕಂಬದ ಹಿಂದಿನ ಅವಳಿಗಳನ್ನು ನೋಡಿದ. ದೀಪಶ್ರೀಯ ಕಡೆ ನೋಡಲಿಲ್ಲ. ನೋಡದಿರಲು ಅವನು ಪಟ್ಟ ಕಷ್ಟ ಅವಳಿಗೆ ಕಂಡಿತು.

ಆಗ ಅವಳಿಗೆ ನೆನಪಾಯಿತು. ಶುಕ್ರವಾರ ಐದನೇ ಫಾರ್ಮ್ ಬಂದಿತ್ತು. ರೇಗಿಹೋಗಿ ಒಂದು ಕಾಲಮನ್ನೂ ತುಂಬದೆ, ಕೆಳಗೆ “ಹಿಂದೆ ಕಳಿಸಿದಂತೆಯೇ” ಎಂದು ಒಂದು ಸಾಲು ಬರೆದು ಕಳಿಸಿಬಿಟ್ಟಿದ್ದಳು. ಫೋನ್ ತೆಗೆದು ನೋಡಿದಳು. ಖಾಲಿ ಕಾಲಂಗಳ ಸಾಲು. ಖಾಲಿ ಬಿಟ್ಟದ್ದನ್ನು ಕಂಪ್ಯೂಟರ್ ಸೊನ್ನೆ ಎಂದು ತುಂಬಿಕೊಂಡಿತ್ತು. ಕೆಳಗಿನ ಸಾಲು ಯಾವ ಕಾಲಮಿಗೂ ಸೇರಿರಲಿಲ್ಲ.

ಶನಿವಾರ ಕಾಗದ ತಿರುವಿದಾಗಲೇ ಅವನಿಗೆ ಇದು ತಿಳಿದಿತ್ತು.

ಸುಮ್ಮನಿದ್ದರೆ ಅವಳಿಗಳು ನಾಳೆ ಶಾಲೆಗೆ ಬರುತ್ತವೆ, ನಿಜ ಹೇಳಿದರೆ ಬರದೆಯೂ ಇರಬಹುದು. ದೀಪಶ್ರೀ ಎರಡು ಮಕ್ಕಳ ಮುಖ ನೋಡಿದಳು. ನಾಳೆಯಿಂದ ಇವರಿಗೆ ತಾನೇ ಟೀಚರು.

“ಸೀತಕ್ಕ, ತಪ್ಪು ಇವರದ್ದಲ್ಲ. ನನ್ನದು. ಸಿಟ್ಟಲ್ಲಿ ಖಾಲಿ ಫಾರ್ಮ್ ಕಳಿಸಿದ್ದೆ.”

“ನಾನು ಮೊದಲಿನ ಫಾರ್ಮ್ ನೋಡಬೇಕಿತ್ತು,” ಎಂದ ಯಶವಂತ ಥಟ್ಟನೆ. “ನನ್ನದೇ ತಪ್ಪು.”

“ನೀವು ಸುಮ್ನಿರಿ ಸರ್.”

“ನಾನ್ಯಾಕೆ ಸುಮ್ನಿರ್ಲಿ?”

“ನನ್ನ ತಪ್ಪನ್ನೂ ನೀವೇ ತಗೊಂಡು ಹೋಗೋದಾದ್ರೆ ನಾನು ಇಷ್ಟು ದೂರ ನಡೆದಿದ್ದು ಎಂತಕ್ಕೆ?”

ಸೀತಕ್ಕ ಒಬ್ಬರಾದ ಮೇಲೆ ಒಬ್ಬರನ್ನು ನೋಡಿದಳು. ಸುಣ್ಣದ ಡಬ್ಬಿ ಮುಚ್ಚಿದಳು.

“ನಿಮ್ಮ ಜಗಳ ನೀವು ಮಾಡ್ಕಳಿ. ನನಗೆ ಒಂದೇ ಮಾತು ಬೇಕು. ಈ ಶಾಲೆಗೆ ಮೂರು ವರ್ಷಕ್ಕೆ ಮೂರು ಟೀಚರು ಬಂದ್ರು, ಹೋದ್ರು. ಅಕ್ಷರ ಕಲಿಸಿದ್ದು ಒಬ್ಬರು, ಮಗ್ಗಿ ಇನ್ನೊಬ್ಬರು. ನೀವಾದ್ರೂ ಇವು ಐದನೇ ಕ್ಲಾಸು ಮುಗ್ಸೋವರೆಗೆ ಇಲ್ಲೇ ಇರ್ತೀರಾ?”

ಐದು ವರ್ಷ. ದೀಪಶ್ರೀಯ ತಾಯಿ ಎನ್.ಆರ್. ಪುರದಿಂದ ವಾರಕ್ಕೆರಡು ಸಲ ಕೇಳುತ್ತಿದ್ದುದು ವರ್ಗಾವಣೆಯ ವಿಷಯವನ್ನೇ.

“ನಾನಾಗಿ ವರ್ಗ ಕೇಳೋದಿಲ್ಲ ಸೀತಕ್ಕ. ಐದು ವರ್ಷ ಇರ್ತೇನೆ.”

“ಬರ್ಕೊಳ್ಳಿ ಹಾಗಾದ್ರೆ ಇಬ್ಬರ ಹೆಸರನ್ನೂ.”

ಅವಳು ಬರೆದುಕೊಂಡಳು. ಪಕ್ಕದಲ್ಲಿ ಯಶವಂತ ಉಸಿರುಬಿಟ್ಟದ್ದು ಕೇಳಿಸಿತು. ಅದು ನೆಮ್ಮದಿಯ ಉಸಿರೋ, ಇನ್ನೇನೋ. ಪೂರ್ತಿ ನೆಮ್ಮದಿಯದಂತೆ ಕೇಳಲಿಲ್ಲ.

ಬಸ್ಸು ತಪ್ಪಿಹೋಗಿತ್ತು. ಶೃಂಗೇರಿಗೆ ಬಿಡುತ್ತೇನೆ ಎಂದ ಯಶವಂತ. ಬೈಕಿನ ಹತ್ತಿರ ಬಂದ ಮೇಲೂ ಕೀಲಿ ಹಾಕಲಿಲ್ಲ.

“ಶನಿವಾರವೇ ಹೇಳ್ಬಹುದಿತ್ತು,” ಎಂದಳು ಅವಳು. “ಖಾಲಿ ಕಳಿಸಿದ್ದು ನಾನೇ ಅಂತ.”

“ನೀವು ಆಗ ತುಂಬ ಸಿಟ್ಟಲ್ಲಿದ್ರಿ.”

“ಈಗ ಇಲ್ಲ ಅಂತ ಯಾರು ಹೇಳಿದ್ದು?”

“ಇನ್ನೊಂದು ವಿಷಯ ಉಂಟು. ಇದಕ್ಕೂ ಸಿಟ್ಟು ಬರ್ಬಹುದು.” ಹೆಲ್ಮೆಟ್ಟನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದ. “ಈ ಶಾಲೆ ಹೋಗಿದ್ರೆ ನಿಮ್ಮನ್ನ ಹಾಕ್ತಿದ್ದಿದ್ದು ಕೊಪ್ಪಕ್ಕೆ. ಅಲ್ಲಿ ಒಂದು ಜಾಗ ಖಾಲಿ ಉಂಟು. ನಮ್ಮ ಮನೆಯಿಂದ ಹತ್ತು ನಿಮಿಷ.”

“ಅದಕ್ಕೆ?”

“ಶನಿವಾರ ರಾತ್ರಿ ಅದು ಹೊಳೀತು. ಈ ಶಾಲೆ ಉಳಿಸ್ಲಿಕ್ಕೆ ಮೂರು ದಿನದಿಂದ ನನಗೆ ನಾನೇ ವಿರುದ್ಧವಾಗಿ ಓಡಾಡ್ತಿದ್ದೇನೆ.”

ಅವಳಿಗೆ ಅರ್ಥವಾಯಿತು. ಅರ್ಥವಾಗದವಳಂತೆ ನಿಂತಳು. ವರ್ಷವಿಡೀ ಎಲ್ಲವನ್ನೂ ಕಾಲಂ ಹಾಕಿ ಕೇಳಿದವನು ಈಗ ಸುತ್ತಿಬಳಸಿ ಮಾತಾಡುವುದೆಂದರೇನು!

“ಯಶವಂತ್ ಸರ್, ನೇರವಾಗಿ ಹೇಳಿ.”

“ನೀವು ಐದು ವರ್ಷ ಇಲ್ಲೇ ಅಂತ ಮಾತು ಕೊಟ್ಟಾಯ್ತು. ನನ್ನ ಸಿಆರ್‌ಪಿ ಅವಧಿ ಬರುವ ವರ್ಷ ಮುಗೀತದೆ. ಆಮೇಲೆ ಮತ್ತೆ ಪಾಠ ಮಾಡ್ಲಿಕ್ಕೆ ಈ ತಾಲ್ಲೂಕಲ್ಲೇ ಶಾಲೆ ಕೇಳ್ತೇನೆ. ನಿಮ್ಮ ಜೊತೆ ಇರಬೇಕು ಅಂತ ಆಸೆ. ಮದುವೆಯಾಗಿ.” ಕೊನೆಯ ಪದದಲ್ಲಿ ಆ ಚೆಂದದ ದನಿ ಪೂರ್ತಿ ಕೈಕೊಟ್ಟಿತು, ಬರೀ ಗಾಳಿ ಹೊರಟಿತು.

ದೀಪಶ್ರೀ ಹಿಂದಿನ ಸೀಟಿನಲ್ಲಿ ಕುಳಿತಳು. ಕೆರೆಕಟ್ಟೆ ದಾಟಿ, ಕಾಡಿನ ತಿರುವುಗಳನ್ನೆಲ್ಲ ಇಳಿದು ಬೈಕು ಶೃಂಗೇರಿಯ ಕಡೆ ಸಾಗಿತು. ಒಂದು ತಿರುವಿನಲ್ಲಿ ಅವಳ ಕೈ ಅವನ ಭುಜ ಹಿಡಿಯಿತು. ತಿರುವು ಮುಗಿದ ಮೇಲೂ ತೆಗೆಯಲಿಲ್ಲ.

ಪೇಟೆ ಇನ್ನೇನು ಶುರುವಾಗಬೇಕು ಎನ್ನುವಲ್ಲಿ ಅವನು ನಿಧಾನಿಸಿದ.

“ಇಲ್ಲೇ ಇಳಿಸ್ಲಾ? ಬಸ್ ಸ್ಟ್ಯಾಂಡಲ್ಲಿ ಈ ಹೊತ್ತಿಗೆ ನಮ್ಮ ಕ್ಲಸ್ಟರಿನ ಟೀಚರುಗಳೆಲ್ಲ ನಿಂತಿರ್ತಾರೆ. ನಾಳೆ ಹದಿನಾಲ್ಕು ಶಾಲೆಗೂ ಗೊತ್ತಾಗ್ತದೆ.”

“ಇಲ್ಯಾಕೆ?” ಎಂದಳು ದೀಪಶ್ರೀ. “ಬಸ್ ಸ್ಟ್ಯಾಂಡಿಗೇ ಬಿಡಿ.”