ವಿಷಯ ಬದಲಿಸಿದ ಕಾರಣ

ಅರ್ಜಿಯನ್ನು ನನ್ನ ಮೇಜಿನ ಮೇಲಿಟ್ಟು, "ನಾಲ್ಕು ಗಂಟೆಯೊಳಗೆ ಟೈಪ್ ಆಗ್ಬೇಕು" ಅಂದರು ಚುಕ್ಕಿ ಮೇಷ್ಟ್ರು. ನನ್ನ ಮುಖ ನೋಡಲಿಲ್ಲ. ಫ್ಯಾನ್ ನೋಡಿದರು, ಕಿಟಕಿ ನೋಡಿದರು, ತಮ್ಮ ಬೂಟು ನೋಡಿಕೊಂಡು ಹೊರಟೇಬಿಟ್ಟರು.

ಬೇರೆ ಊರಿನ ನಮ್ಮದೇ ಶಾಖೆಯಲ್ಲಿ ಕೆಲಸಕ್ಕೆ ಅರ್ಜಿ. ಹದಿನಾರು ವರ್ಷ ಇವರ ಗಣಿತ ಟೈಪ್ ಮಾಡಿದ ನನ್ನ ಕೈ, ಏನು ಮಾಡಬೇಕೋ ತೋಚದೆ ಸ್ಟೇಪ್ಲರ್ ಹಿಡಿದುಕೊಂಡು ಕೂತಿತು.

ಚುಕ್ಕಿ ಅಂತ ಹೆಸರಿಟ್ಟವಳು ನಾನೇ. ಸಮೀಕರಣದಲ್ಲಿ ಅಕ್ಷರದ ತಲೆ ಮೇಲೊಂದು ಚುಕ್ಕಿ ಬಿಟ್ಟುಹೋದರೆ ಎರಡು ಮಹಡಿ ಹತ್ತಿ ಬರೋರು. "ಚುಕ್ಕಿ ಇದ್ರೆ ವೇಗ. ಇಲ್ದಿದ್ರೆ ಬರೀ ಜಾಗ." ಉಳಿದವರೆಲ್ಲ ತಮ್ಮ ಪೇಪರ್ ತಾವೇ ಟೈಪ್ ಮಾಡಿಕೊಳ್ಳುವ ಕಾಲದಲ್ಲಿ ಇವರೊಬ್ಬರದು ಕೈಬರಹ.

ಟೈಪ್ ಮಾಡತೊಡಗಿದೆ. ಮೊದಲ ಆರು ವರ್ಷ ಅನಲಿಸಿಸ್. ಆಮೇಲೆ ಐದು ವರ್ಷ ಸೆಟ್ ಥಿಯರಿ. ಆಮೇಲೆ ಇಲ್ಲಿಯವರೆಗೆ ಗಣಿತೀಯ ಭೌತಶಾಸ್ತ್ರ. ಪಕ್ಕದಲ್ಲೊಂದು ಕಾಲಂ, 'ವಿಷಯ ಬದಲಿಸಿದ ಕಾರಣ'. ಅದು ಖಾಲಿ.

ಸೆಟ್ ಥಿಯರಿ ಶುರುವಾದದ್ದು ಆಗಸ್ಟ್‌ನಲ್ಲಿ. ನನ್ನನ್ನು ಸೆಟ್ ಥಿಯರಿ ನಡೆಯುವ ತರ್ಕ ವಿಭಾಗಕ್ಕೆ ಹಾಕಿದ್ದು ಅದೇ ವರ್ಷ ಜುಲೈಯಲ್ಲಿ. ಭೌತಶಾಸ್ತ್ರ ಜನವರಿಯಲ್ಲಿ. ನಾನು ಈ ಭೌತಶಾಸ್ತ್ರದ ಕಟ್ಟಡಕ್ಕೆ ಬಂದದ್ದು ಅದರ ಹಿಂದಿನ ಡಿಸೆಂಬರ್. ಒಂದು ವಿಭಾಗದ ಟೈಪಿಸ್ಟ್ ಇನ್ನೊಂದು ವಿಭಾಗದ ಒಂದು ಸಾಲನ್ನೂ ಮುಟ್ಟಬಾರದು ಅನ್ನೋದು ಇಲ್ಲಿನ ನಿಯಮ.

ತಾರೀಖುಗಳನ್ನು ಇನ್ನೊಮ್ಮೆ ಎಣಿಸಿದೆ. ಅಕ್ಕನಿಗೆ ಫೋನ್ ಹಚ್ಚಿದೆ.

"ಅಕ್ಕ, ಯಾರಾದ್ರೂ ಐದಾರು ವರ್ಷ ಕಲಿತ ವಿದ್ಯೆ ಬಿಟ್ಟು..."

"ಯಾರು, ನಿನ್ನ ಚುಕ್ಕೀನಾ?"

"ನನ್ನೋರೇನಲ್ಲ."

"ನಿನ್ನೋರಲ್ಲದೋರ ಕತೆ ಹದಿನಾರು ವರ್ಷ ಕೇಳಿ ನನ್ನ ಕಿವಿ ತೂತಾಗಿದೆ. ಹೋಗಿ ಅವರನ್ನೇ ಕೇಳು, ತಾಯಿ."

ಹೋದೆ. ಮೇಷ್ಟ್ರು ಕಪ್ಪುಹಲಗೆ ಒರೆಸುತ್ತಿದ್ದರು. ಅದರ ಮೇಲೆ ಏನೂ ಬರೆದಿರಲಿಲ್ಲ.

"ಈ ಕಾಲಮ್ಮಿಗೆ ಏನು ಹಾಕ್ಲಿ?" ತಾರೀಖುಗಳ ಮೇಲೆ ಬೆರಳಿಟ್ಟೆ. "ನಾನು ಹೋದ ಕಡೆಗೇ ನಿಮ್ಮ ಗಣಿತವೂ ಬಂದಿದೆ."

ಅವರ ಕಿವಿ ಕೆಂಪಾಯಿತು. "ಎರಡು ಉದಾಹರಣೆಯಿಂದ ಏನೂ ಸಾಬೀತಾಗಲ್ಲ."

"ಹಾಗಾದ್ರೆ ಈಗ ನನ್ನನ್ನ ಬಿಟ್ಟು ಯಾಕೆ ಹೋಗ್ತಿದೀರಿ?"

ಹಾಗೆ ಕೇಳಬೇಕು ಅಂದುಕೊಂಡಿರಲಿಲ್ಲ. ಬಾಯಿಂದ ಬಂದುಬಿಟ್ಟಿತ್ತು.

ಮೇಷ್ಟ್ರು ಮೊದಲ ಸಲ ನನ್ನ ಮುಖ ನೋಡಿದರು, ಲೆಕ್ಕ ತಪ್ಪಿದ ಹುಡುಗನ ಹಾಗೆ. "ಬಿಟ್ಟು? ಅದು ನಿಮ್ಮಕ್ಕನ ಊರಲ್ವಾ? ಹೋದ ತಿಂಗಳು ನೀವೇ ಅಂದ್ರಿ, ಅಲ್ಲಿಗೆ ವರ್ಗ ತಗೋತೀನಿ ಅಂತ."

ಊರಿನ ಹೆಸರು ಟೈಪ್ ಮಾಡಿದ್ದೆ, ಅದು ಅಕ್ಕನ ಊರು ಅಂತ ತಲೆಗೇ ಹೋಗಿರಲಿಲ್ಲ. ಈಗ ನೆನಪಾಯಿತು. ಒಂದೇ ಪುಟವನ್ನು ಏಳನೇ ಸಲ ವಾಪಸ್ ತಂದಿದ್ದರು ಅವತ್ತು. "ಅಯ್ಯೋ ಮೇಷ್ಟ್ರೇ, ಅದು ಸಿಟ್ಟಲ್ಲಿ ಹೇಳಿದ್ದು."

"ನೀವು ಹೇಳಿದ್ದನ್ನ ನಾನು ನಿಜ ಅಂತಲೇ ತಗೊಳ್ಳೋದು."

"ಅಲ್ಲಿ ಯಾವ ವಿಷಯ?"

"ಸಂಖ್ಯಾಶಾಸ್ತ್ರ. ಅಲ್ಲಿರೋದು ಅದೊಂದೇ ವಿಭಾಗ."

"ನಿಮಗೆ ಬರುತ್ತಾ?"

"ಇಲ್ಲ. ಕಲೀತಿದೀನಿ. ಎರಡು ಪುಸ್ತಕ ಮುಗೀತು."

ನಗು ಬಂತು, ಅದರ ಹಿಂದೆಯೇ ಅಳುವೂ. ಯಾವುದನ್ನು ಮೊದಲು ಬಿಡಲಿ ಅಂತ ತಿಳಿಯದೆ ಅವರ ಕುರ್ಚಿಯಲ್ಲೇ ಕೂತುಬಿಟ್ಟೆ. "ನಾನು ಎಲ್ಲೂ ಹೋಗ್ತಿಲ್ಲ."

ಅವರು ಅರ್ಜಿ ಎಳೆದುಕೊಂಡು ಖಾಲಿ ಕಾಲಮ್ಮಿನಲ್ಲಿ ನಿಧಾನವಾಗಿ ಬರೆದರು: 'ಅವರಿಲ್ಲದ ಕಡೆ ಯೋಚನೆ ಸಾಗುವುದಿಲ್ಲ.'

"ಇದನ್ನ ಓದಿದ್ರೆ ಯಾರೂ ಕೆಲಸ ಕೊಡಲ್ಲ," ಅಂದೆ.

"ಕೊಡದಿದ್ರೆ ಒಳ್ಳೇದೇ. ಇಲ್ಲೇ ಇರಬಹುದಾ ನಾನು?"

ಗೋಡೆ ಗಡಿಯಾರದಲ್ಲಿ ನಾಲ್ಕು ದಾಟಿ ಐದು ನಿಮಿಷವಾಗಿತ್ತು.

"ಇರಿ. ಆದ್ರೆ ಇನ್ನೊಂದು ಸಲ ಒಂದೇ ಪುಟ ಏಳು ಸಲ ತಂದ್ರೆ ನಿಜವಾಗ್ಲೂ ಅಕ್ಕನ ಊರಿಗೆ ಹೋಗ್ತೀನಿ."

ಮೇಷ್ಟ್ರು ಬೆರಳು ಮಡಚಿ ಲೆಕ್ಕ ಹಾಕಿದರು. ಆಮೇಲೆ ಮೆಲ್ಲಗೆ ನನ್ನ ಕೈ ಹಿಡಿದು ಕೇಳಿದರು: "ಆರು ಸಲ ತರಬಹುದಾ?"