ತೂಗುಬಾಗಿಲು

"ನಿಮ್ಮ ತೂಕ ಸರಿಯಾಗಿದೆ, ಹೋಗಿಬನ್ನಿ," ಎಂದು ಬಾಗಿಲು ನಯವಾದ ದನಿಯಲ್ಲಿ ಹೇಳಿ ತೆರೆದುಕೊಂಡಿತು. ಮದ್ದೂರಿನಾಚೆಯ ಆ ಸಿದ್ಧ ಉಡುಪಿನ ಕಾರ್ಖಾನೆಗೆ ತೂಗುಬಾಗಿಲು ಹೊಸದು. ಒಳಬರುವಾಗ ಪ್ರತಿ ಹೆಂಗಸನ್ನೂ ತೂಗಿ ನೆನಪಿಟ್ಟುಕೊಳ್ಳುತ್ತಿತ್ತು. ಹೊರಡುವಾಗ ಒಂದು ರವಿಕೆಯಷ್ಟು ತೂಕ ಹೆಚ್ಚಿದ್ದರೂ ತೆರೆಯುತ್ತಿರಲಿಲ್ಲ. ಅದು ಬಂದ ದಿನವೇ ಮಾಲೀಕ ಉಳಿದ ಬಾಗಿಲುಗಳಿಗೆಲ್ಲ ಇಟ್ಟಿಗೆ ಕಟ್ಟಿಸಿಬಿಟ್ಟಿದ್ದ, ಪುಣ್ಯಾತ್ಮ!

"ನಮ್ಮನ್ನ ಕಳ್ರು ಅಂದ್ಕಂಡಿದ್ದೀರಾ ಸಾ?" ಹೊಲಿಗೆಯ ಜವರಮ್ಮ ಕೇಳಿಯೇಬಿಟ್ಟಳು. ಬಾಣಂತನ ಮುಗಿಸಿ ಕೆಲಸಕ್ಕೆ ಮರಳಿದ್ದ ಮಗಳು ಸವಿತ ಪಕ್ಕದಲ್ಲೇ ಇದ್ದಳು.

"ಹಾಗಲ್ಲಮ್ಮ," ಎಂದ ಯಂತ್ರ ರೂಪಿಸಿದ ವಿಜ್ಞಾನಿ ಶ್ರೀಕರ. "ಮೊದಲು ಕಾವಲುಗಾರರು ಮೈ ಮುಟ್ಟಿ ಹುಡುಕುತ್ತಿದ್ದರು. ಈಗ ನಿಮ್ಮ ಮಾನ ಉಳಿಯಿತಲ್ಲ? ಕರೆಂಟು ಹೋದರೂ ಇದು ಸ್ವಂತ ಬ್ಯಾಟರಿಯಲ್ಲಿ ನಡೆಯುತ್ತೆ. ಯಾರ ಮಾತೂ ಕೇಳಲ್ಲ."

ಶ್ರೀಕರ ಊಟಕ್ಕೆಂದು ಹೊರಗೆ ಹೋದಾಗ ಇಸ್ತ್ರಿ ವಿಭಾಗದ ಬಾಯ್ಲರ್ ಸಿಡಿಯಿತು. ಹತ್ತಿರವಿದ್ದವರು ಗೋಡೆಗೆ ಅಪ್ಪಳಿಸಿ ಸತ್ತರು. ಪಾಲಿಯೆಸ್ಟರ್ ರಾಶಿ ಹೊತ್ತಿ, ಕರಗಿ, ಮೇಲಿನ ಅಟ್ಟದಿಂದ ತೊಟ್ಟಿಕ್ಕತೊಡಗಿತು; ಬಿದ್ದಲ್ಲೆಲ್ಲ ಚರ್ಮ ಬೆಂದಿತು. ಚಾವಣಿಯ ನೀರ್ಸಿಂಚಕಗಳು ಧಾರಾಕಾರ ಸುರಿದವು. ಬೆಂಕಿ ಆರಲಿಲ್ಲ, ಎಲ್ಲರ ಬಟ್ಟೆ ಮಾತ್ರ ತೊಯ್ದು ತೊಪ್ಪೆಯಾಯಿತು. ಬಾಗಿಲ ಬಳಿ ಹೆಂಗಸರು ಒಬ್ಬರನ್ನೊಬ್ಬರು ತುಳಿದರು, ಕೂದಲು ಹಿಡಿದೆಳೆದರು.

"ತೂಕ ಹೆಚ್ಚಾಗಿದೆ. ದಯವಿಟ್ಟು ಮಾಲನ್ನು ಹಿಂದಿರುಗಿಸಿ," ಎಂದಿತು ಬಾಗಿಲು.

ಓಡಿಬಂದ ಶ್ರೀಕರ ಹೊರಗಿನಿಂದ ಬಾಗಿಲ ಗಾಜಿಗೆ ಕಲ್ಲಿನಿಂದ ಬಡಿದು ಬಡಿದು ಕೈ ಒಡೆದುಕೊಂಡ. ಒಡೆಯದ ಗಾಜು, ಅವನೇ ಆರಿಸಿದ್ದು. ಆಮೇಲೆ ಹೊಳೆಯಿತು.

"ನೀರಿನ ತೂಕ! ಬಟ್ಟೆ ಬಿಚ್ಚಿ! ಒಬ್ಬೊಬ್ಬರೇ ಬನ್ನಿ!"

ಅವನ ಹಿಂದೆ ಗಂಡಸರ ಗುಂಪು ನೆರೆದಿತ್ತು. ಕೆಲವರ ಕೈಯಲ್ಲಿ ಮೊಬೈಲು ಬೇರೆ, ಥೂ!

ಸವಿತ ಚೂಡಿದಾರವನ್ನು ಅವುಚಿಕೊಂಡಳು. "ಇಲ್ಲೇ ಸಾಯ್ತೀನಿ ಕಣವ್ವ, ಬಿಚ್ಚಕಿಲ್ಲ."

ಜವರಮ್ಮ ಅವಳ ಕೆನ್ನೆಗೆ ರಪ್ಪನೆ ಬಾರಿಸಿದಳು. "ಮನೇಲಿ ಕೂಸು ಹಾಲಿಗೆ ಅಳ್ತಾ ಅದೆ! ಮಾನ ಆಮೇಕೆ ನೋಡ್ಕಳವ!" ಕತ್ತರಿಯಿಂದ ಬಟ್ಟೆ ಸೀಳಿ ಮಗಳನ್ನು ಮುಂದೆ ದಬ್ಬಿದಳು. ಬಾಗಿಲು ತೆರೆಯಿತು. ಅವಳೊಬ್ಬಳನ್ನೇ ಹೊರಬಿಟ್ಟು ಮತ್ತೆ ಮುಚ್ಚಿಕೊಂಡಿತು. ಅದನ್ನು ಕಂಡು ಉಳಿದವರೂ ಒಬ್ಬೊಬ್ಬರಾಗಿ ಸೀರೆ ಕಳಚಿ ಓಡಿದರು. ಕಳಚಲಾರದವರು ಒಳಗೇ ಬೆಂದರು.

ಕೊನೆಗೆ ಜವರಮ್ಮ ಬಾಗಿಲೆದುರು ನಿಂತಳು. ಸೀರೆ ಬಂತು, ರವಿಕೆಯೂ ಬಂತು. ಬೆನ್ನಿಗೆ ಕರಗಿ ಬಿದ್ದಿದ್ದ, ಸೀರೆಗಿಂತಲೂ ಭಾರದ ಬಟ್ಟೆಯ ಮುದ್ದೆ ಮಾತ್ರ ಬರಲಿಲ್ಲ. ಅದು ಚರ್ಮಕ್ಕೆ ಕಚ್ಚಿಕೊಂಡಿತ್ತು.

"ಮಾಲನ್ನು ಹಿಂದಿರುಗಿಸಿ," ಎಂದಿತು ಬಾಗಿಲು.

ಜವರಮ್ಮ ಎರಡೂ ಕೈ ಹಿಂದೆ ಹಾಕಿ ಅದನ್ನು ಕಿತ್ತಳು. ಚರ್ಮವೂ ಜೊತೆಗೆ ಬಂತು. ಅವಳ ಚೀರಾಟ ಕೇಳಿ ಮೊಬೈಲು ಹಿಡಿದವರೂ ಮುಖ ತಿರುಗಿಸಿದರು. ಬಾಗಿಲು ತೆರೆಯಿತು. ಬೆಳಿಗ್ಗೆಗಿಂತ ಅವಳ ತೂಕ ಕಡಿಮೆಯಾಗಿತ್ತು, ಅದಕ್ಕೆ ಯಂತ್ರದ ತಕರಾರೇನೂ ಇರಲಿಲ್ಲ.

ಶ್ರೀಕರ ಅಳುತ್ತ ತನ್ನ ಅಂಗಿ ಬಿಚ್ಚಿ ಹೊದಿಸಲು ಓಡಿಬಂದ.

"ನಂಗೆ ಬಟ್ಟೆ ಮುಟ್ಟಿಸ್ಬ್ಯಾಡಿ ಸಾ," ಎಂದಳು ಜವರಮ್ಮ. "ನಮ್ ಸವಿತಂಗೆ ಕೊಡಿ."