ಶಾಂಪೂ ಹಾಕಿದ ಮರಿ

ಬಕೆಟ್ಟಿನ ಬಿಸಿನೀರಿನಲ್ಲಿ ನಿಂತ ಮೇಕೆಮರಿ ಗಡಗಡ ನಡುಗುತ್ತಿತ್ತು. ಮಿಡತೆ ಅದರ ಬೆನ್ನಿಗೆ ಇನ್ನೊಂದು ಚೂರು ಶಾಂಪೂ ಹಾಕಿ ಚೆನ್ನಾಗಿ ನೊರೆ ಬರಿಸಿದಳು.

"ಆಯ್ತು ಕಂದ, ಆಯ್ತು. ಕಣ್ಣು ಮುಚ್ಕೋ, ಉರಿಯುತ್ತೆ," ಎಂದಳು, ಅಮ್ಮ ತನಗೆ ಹೇಳುವ ಧಾಟಿಯಲ್ಲೇ.

ಮಿಡತೆ ಎಂದರೆ ಹುಳ ಅಲ್ಲ, ಐದನೇ ಕ್ಲಾಸಿನ ಹುಡುಗಿ. ಒಂದು ಕಡೆ ಕೂರುವ ಜಾಯಮಾನವೇ ಅವಳದಲ್ಲ. ಅದಕ್ಕೇ ಮನೆಯವರೆಲ್ಲ ಸೇರಿ ಆ ಹೆಸರು ಇಟ್ಟಿದ್ದರು.

ಅಂದು ಶನಿವಾರ. ಚಳಿ ಆಗಷ್ಟೇ ಹಿಂದೆ ಸರಿದು ಮಣ್ಣು ಬೆಚ್ಚಗಾಗುತ್ತಿತ್ತು. ಆಲೂಗಡ್ಡೆ ಬಿತ್ತಬೇಕು. ಪಕ್ಕದ ಹೊಲದವರ ಟ್ರ್ಯಾಕ್ಟರ್ ಸಿಕ್ಕಿರುವುದು ಶನಿವಾರ, ಭಾನುವಾರ ಮಾತ್ರ. ಅಪ್ಪ ಟ್ರ್ಯಾಕ್ಟರಿನ ಮೇಲೆ. ಅಮ್ಮ, ಅಣ್ಣ ಸಾಲುಗಳಲ್ಲಿ. ಅಜ್ಜಿ ಅಂಗಳದಲ್ಲಿ ಕೂತು ಬಿತ್ತನೆ ಗಡ್ಡೆ ಹೆಚ್ಚುತ್ತಿದ್ದಳು. ಪ್ರತಿ ಹೋಳಿನಲ್ಲೂ ಒಂದು ಕಣ್ಣಾದರೂ ಇರಬೇಕು, ಇಲ್ಲದಿದ್ದರೆ ಮೊಳಕೆ ಬರುವುದಿಲ್ಲ. ಯಾರಿಗೂ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ. ಹಾಗಾಗಿ ದಿನ ತುಂಬಿದ್ದ ಮೇಕೆಯನ್ನು ಕಾಯುವ ಕೆಲಸ ಮಿಡತೆಗೆ ಬಿತ್ತು.

ಮೇಕೆ ಎರಡು ಮರಿ ಹಾಕಿತು. ಮೊದಲನೆಯದನ್ನು ನೆಕ್ಕಿ ನೆಕ್ಕಿ ಒಣಗಿಸಿತು. ಎರಡನೆಯದು ಲೋಳೆ ಮೆತ್ತಿಕೊಂಡು, ಒದ್ದೆಮುದ್ದೆಯಾಗಿ ಹುಲ್ಲಿನ ಮೇಲೆ ಬಿದ್ದಿತ್ತು. ಮಿಡತೆ ಕಾಯಲಿಲ್ಲ. ಎತ್ತಿಕೊಂಡು ನೇರ ಬಚ್ಚಲಿಗೆ ಓಡಿದಳು.

ಈಗ ಮರಿ ಬೆಳ್ಳಗೆ, ಮೆತ್ತಗೆ, ಘಮ್ಮೆನ್ನುತ್ತಿತ್ತು. ಟವೆಲ್ಲಿನಲ್ಲಿ ಒರೆಸಿ ತಾಯಿಯ ಮುಂದೆ ಬಿಟ್ಟಳು. ತಾಯಿ ಒಮ್ಮೆ ಮೂಸಿತು. ಮರಿ ಕೆಚ್ಚಲು ಹುಡುಕಿಕೊಂಡು ಹೋದದ್ದೇ ತಡ, ತಲೆಯಿಂದ ಗುದ್ದಿ ಬೀಳಿಸಿತು. ಮರಿ ಎದ್ದು ಮತ್ತೆ ಹೋಯಿತು. ಮತ್ತೆ ಗುದ್ದು.

"ಅಜ್ಜೀ, ಇದು ಮರಿಗೆ ಹೊಡೀತಿದೆ. ಬೇಗ ಬಾ."

ಅಜ್ಜಿ ಚಾಕು ಕೆಳಗಿಟ್ಟು, ಕೈಯ ಮಣ್ಣು ಕೊಡವುತ್ತಾ ಬಂದಳು. ಮರಿಯನ್ನು ಎತ್ತಿ ಮೂಗಿಗೆ ಹಿಡಿದಳು.

"ಇದೇನೇ, ಹೂವಿನ ಅಂಗಡಿ ವಾಸನೆ ಬರ್ತಿದೆ?"

"ಸ್ನಾನ ಮಾಡಿಸಿದೆ. ಗಲೀಜಾಗಿತ್ತು ಅಜ್ಜಿ."

ಅಜ್ಜಿ ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು ಎನಿಸಿತು ಮಿಡತೆಗೆ.

"ಆ ಗಲೀಜೇ ಕಣೇ ಅದರ ಗುರುತು. ಮೇಕೆ ಮೂಸಿ ತಾನೇ ತನ್ನ ಮರೀನ ಗುರುತು ಹಿಡಿಯೋದು? ಈಗ ಅದರ ಪಾಲಿಗೆ ಇದು ಯಾರ ಮನೆಯದೋ ಮರಿ."

"ಹಾಲು ಕೊಡಲ್ವಾ? ಸತ್ತೋಗುತ್ತಾ?"

"ಸಾಯೋಕೆ ಬಿಡ್ತೀವಾ? ಆದ್ರೆ ಮೊದಲ ಹಾಲು ಹೊಟ್ಟೆಗೆ ಬೀಳಲೇಬೇಕು. ಕೊಂಬು ಹಿಡ್ಕೋ."

ಮಿಡತೆ ಮೇಕೆಯನ್ನು ಗೋಡೆಗೆ ಒತ್ತಿ ಕೊಂಬು ಹಿಡಿದಳು. ಅಜ್ಜಿ ಅದರದೇ ಹಾಲು ಹಿಂಡಿ ಮರಿಯ ಬೆನ್ನಿಗೆ, ಬಾಲಕ್ಕೆ ಸವರಿದಳು. ಈದ ಜಾಗದ ಒದ್ದೆ ಹುಲ್ಲನ್ನು ಮೈಗೆಲ್ಲ ತಿಕ್ಕಿದಳು. ಮಿಡತೆ ಅಷ್ಟು ಕಷ್ಟಪಟ್ಟು ತೊಳೆದದ್ದೆಲ್ಲ ನೀರುಪಾಲಾಯಿತು. ಮರಿ ಮಾತ್ರ ಬಾಲ ಪಟಪಟ ಆಡಿಸುತ್ತಾ ಹಾಲು ಕುಡಿಯಿತು.

ಅಜ್ಜಿ ಎರಡೂ ಮರಿಗಳ ಮೇಲೆ ಒಂದೇ ಬುಟ್ಟಿ ಕವುಚಿದಳು. "ಒಂದರ ವಾಸನೆ ಇನ್ನೊಂದಕ್ಕೆ ಹತ್ಲಿ. ಹಸಿದಾಗ ಬುಟ್ಟಿ ಎತ್ತು, ಕೊಂಬು ಹಿಡ್ಕೋ. ಮರೀನ ಮಾತ್ರ ಎತ್ಕೋಬೇಡ, ಮುದ್ದು ಮಾಡಬೇಡ. ನಿನ್ನ ವಾಸನೆ ಹತ್ತಿದ್ರೆ ಮತ್ತೆ ಮೊದಲಿಂದ ಶುರು."

"ಸ್ವಲ್ಪಾನೂ?"

"ಸ್ವಲ್ಪಾನೂ."

ಭಾನುವಾರ ಅಣ್ಣ ಕೊಟ್ಟಿಗೆಯ ಬಾಗಿಲಲ್ಲಿ ಇಣುಕಿದ. "ಏ ಮಿಡತೆ, ಟ್ರ್ಯಾಕ್ಟರ್ ಹತ್ತಲ್ವಾ? ಓಹೋ, ಮೇಡಂ ಬ್ಯೂಟಿ ಪಾರ್ಲರ್ ಇಟ್ಟಿದಾರೆ. ಹಸುಗೆ ಫೇಶಿಯಲ್ ಎಷ್ಟು ಹೊತ್ತಿಗೆ?"

ಬೇರೆ ದಿನವಾಗಿದ್ದರೆ ಅವನ ಜುಟ್ಟು ಇವಳ ಕೈಯಲ್ಲಿರುತ್ತಿತ್ತು. ಈಗ ಅವಳ ಕೈಯಲ್ಲಿ ಕೊಂಬುಗಳಿದ್ದವು. ನಾಳೆ ಸ್ಕೂಲು. ಅಷ್ಟರೊಳಗೆ ಮೇಕೆ ಒಪ್ಪದಿದ್ದರೆ ಹಿಡಿಯುವವರು ಯಾರು? ಆ ಯೋಚನೆಯಲ್ಲಿ ಅವಳಿಗೆ ಊಟವೂ ಸೇರಲಿಲ್ಲ.

ಸಂಜೆ ಕೊನೆಯ ಸಾಲು ಮುಗಿದು ಟ್ರ್ಯಾಕ್ಟರ್ ಹಿಂದಿರುಗಿತು. ಅಜ್ಜಿ ಕೊಟ್ಟಿಗೆಗೆ ಬಂದಳು.

"ಕೊಂಬು ಬಿಡು, ನೋಡೋಣ."

"ಗುದ್ದಿದ್ರೆ?"

"ಬಿಡೇ."

ಮಿಡತೆ ಬಿಟ್ಟಳು. ಮರಿ ಕೆಚ್ಚಲಿಗೆ ಬಾಯಿ ಹಾಕಿತು. ಮೇಕೆ ಕತ್ತು ತಿರುಗಿಸಿ ಅದರ ಬಾಲವನ್ನು ಮೂಸಿತು, ತುಂಬಾ ಹೊತ್ತು ಮೂಸಿತು. ಆಮೇಲೆ ಗಂಟಲಲ್ಲೇ ಮೆತ್ತಗೆ ಏನೋ ಗುನುಗಿ, ಮರಿಯನ್ನು ನೆಕ್ಕತೊಡಗಿತು. ಮಿಡತೆಗೆ ಅಳು ಬಂದುಬಿಟ್ಟಿತು. ಅಜ್ಜಿ ಅವಳ ಬೆನ್ನು ಸವರಿ, ಗಡ್ಡೆಯ ಚೀಲ ಮಡಚಿಡಲು ಹೊರಗೆ ಹೋದಳು.

ಹೊಟ್ಟೆ ತುಂಬಿದ ಮರಿ ತಟ್ಟಾಡುತ್ತಾ ಬಂದು ಮಿಡತೆಯ ಮೊಣಕಾಲಿಗೆ ತಲೆ ಆನಿಸಿತು. ಆ ತಲೆ ಬೆಚ್ಚಗಿತ್ತು. ಅವಳ ಕೈಗಳು ತಾವಾಗಿಯೇ ಮುಂದೆ ಹೋದವು. ಅವಳು ಅವನ್ನು ಹಿಂದಕ್ಕೆಳೆದು ಕಂಕುಳಲ್ಲಿ ಸಿಕ್ಕಿಸಿಕೊಂಡಳು.

"ಅಮ್ಮ ಅಲ್ಲಿದೆ ನೋಡು," ಎಂದಳು ಮೆಲ್ಲಗೆ.

ಮೇಕೆ ಕೂಗಿತು. ಮರಿ ತಿರುಗಿ ಓಡಿತು. ಮಿಡತೆಗೆ ಚೂರು ಹೊಟ್ಟೆಕಿಚ್ಚೂ ಆಯಿತು, ತುಂಬಾ ಖುಷಿಯೂ ಆಯಿತು. ಕೈಗಳನ್ನು ಮಾತ್ರ ಹೊರಗೆ ತೆಗೆಯಲಿಲ್ಲ.